ಹಾಡಿಗೆ ತಕ್ಕ ವಾದ್ಯ

ಸಂಗೀತವೆಂದರೆ ಸ್ವರಗಳ ಜೋಡಣೆ ಮಾತ್ರವೆಂದೂ, ಅದನ್ನು ಯಾವ ವಾದ್ಯದಲ್ಲಿ ನುಡಿಸಿದರೂ ಒಂದೇ ಎಂದೂ ಅನೇಕರು ತಿಳಿದಿರುವರು. ವೀಣೆಯಲ್ಲಿ ಕೇಳಿದ ಕೃತಿಯನ್ನೇ ಹಾರ್ಮೋನಿಯಂನಲ್ಲಿ ಕೇಳಿದವರು ಹಾಗೆನ್ನಲಾರರು. ಸ್ವರಗಳು ಅವೇ ಆದರೂ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅಲ್ಲಿ ದೊರೆಯದು. ವಾದ್ಯವೂ ಸಂಗೀತದ ಒಂದು ಅಂಗವೆಂಬ ಈ ಸತ್ಯವನ್ನು ಯುರೋಪಿನವರು ಬಹು ಶ್ರಮದಿಂದ ಮರಳಿ ಕಲಿತರು. ಹೈದರಾಬಾದಿನ ಕನ್ನಡ ವಿದ್ಯಾರ್ಥಿಗಳಾದ ನಮಗೂ ಆ ಪಾಠ ಅಗತ್ಯವೆಂಬುದು ನಮ್ಮ ಅಭಿಪ್ರಾಯ.

ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತಕ್ಕೆ ಬರೋಕ್ ಸಂಗೀತವೆಂದು ಹೆಸರು. ಇಟಲಿಯ ವಿವಾಲ್ಡಿ, ಜರ್ಮನಿಯ ಬಾಖ್ ಆ ಕಾಲದವರು. 1721ರಲ್ಲಿ ಬಾಖ್ ಆರು ವಾದ್ಯವೃಂದ ಕೃತಿಗಳನ್ನು ಬ್ರಾಂಡೆನ್‌ಬರ್ಗ್ ಮನೆತನದ ಪ್ರಭುವೊಬ್ಬನಿಗೆ ಅರ್ಪಿಸಿದನು. ಆಗಿನ ಪಿಟೀಲಿಗೆ ಕುರಿಯ ಕರುಳಿನ ತಂತಿಗಳಿದ್ದುವು. ನಮ್ಮ ಸಾರಂಗಿಗೂ ಅಂತಹ ತಂತಿಗಳೇ ಉಂಟು. ಕೊಳಲು ಮರದ್ದು. ಪಿಯಾನೋ ಇನ್ನೂ ಬಳಕೆಗೆ ಬಂದಿರಲಿಲ್ಲ. ಹಕ್ಕಿಯ ಗರಿಯ ಮೊನೆಯಿಂದ ತಂತಿಗಳನ್ನು ಮೀಟುವ ಹಾರ್ಪ್ಸಿಕಾರ್ಡ್ ಅದರ ಸ್ಥಾನದಲ್ಲಿತ್ತು. ಬಳಿಕ ಸಭಾಂಗಣಗಳು ದೊಡ್ಡವಾದುವು. ದೂರದವರೆಗೆ ಕೇಳಿಸಬೇಕೆಂದು ವಾದ್ಯಗಳನ್ನೂ ಬಲಪಡಿಸಿದರು. ಹಳೆಯ ವಾದ್ಯಗಳು ವಸ್ತುಸಂಗ್ರಹಾಲಯ ಸೇರಿದುವು. ಬಾಖನ ಬರಹ ಉಳಿಯಿತು, ಅವನು ಕೇಳಿದ ನಾದ ಉಳಿಯಲಿಲ್ಲ.

ಆ ನಾದವನ್ನು ಹುಡುಕಿಕೊಂಡು ಹೊರಟವರಲ್ಲಿ ವಿಯೆನ್ನಾದ ನಿಕೋಲಾಸ್ ಹಾರ್ನೊನ್‌ಕೂರ್ ಒಬ್ಬರು. 1953ರಲ್ಲಿ ಅವರೂ ಅವರ ಪತ್ನಿ ಆಲಿಸರೂ ಸಂಗಡಿಗರೊಡನೆ ಒಂದು ವೃಂದವನ್ನು ಕಟ್ಟಿ, ಹಳೆಯ ವಾದ್ಯಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿದರು. ನುಡಿಸುವ ಕ್ರಮವನ್ನು ತೋರಿಸಲು ಗುರುಗಳಿರಲಿಲ್ಲ. ಕ್ವಾಂಟ್ಸ್ 1752ರಲ್ಲಿ ಕೊಳಲಿನ ಬಗೆಗೂ, ಲಿಯೋಪೋಲ್ಡ್ ಮೊಜಾರ್ಟ್ 1756ರಲ್ಲಿ ಪಿಟೀಲಿನ ಬಗೆಗೂ ಬರೆದಂತಹ ಗ್ರಂಥಗಳೇ ಇಂತಹ ಸಾಧಕರಿಗೆ ಗುರುಗಳಾದುವು. 1964ರಲ್ಲಿ ಈ ವೃಂದವು ಬಾಖನ ಆ ಆರು ಕೃತಿಗಳನ್ನು ಮುದ್ರಿಸಿತು. ಇಂತಹ ಧ್ವನಿಮುದ್ರಿಕೆಗಳಲ್ಲಿ ಶ್ರುತಿ ಸಾಮಾನ್ಯವಾಗಿ ಈಗಿನದಕ್ಕಿಂತ ಅರ್ಧ ಸ್ವರದಷ್ಟು ಕೆಳಗಿರುತ್ತದೆ. ನುಡಿಸುವವರು ಕೆಲವರೇ ಆದುದರಿಂದ ಒಂದೊಂದು ವಾದ್ಯದ ಮಾತೂ ಬೇರೆಬೇರೆಯಾಗಿ ಕೇಳಿಸುತ್ತದೆ.

ಹಾಗಾದರೆ ಹೊಸ ವಾದ್ಯಗಳೆಲ್ಲ ತ್ಯಾಜ್ಯವೇ? ಅಲ್ಲ. ಯುರೋಪಿನ ಪಿಟೀಲನ್ನು ಬಾಲುಸ್ವಾಮಿ ದೀಕ್ಷಿತರು ಕಲಿತು ಕರ್ನಾಟಕ ಸಂಗೀತಕ್ಕೆ ಅಳವಡಿಸಿದರು. ಇಂದು ಅದಿಲ್ಲದ ಕಚೇರಿಯೇ ಅಪರೂಪ. ಬಾಖನ ಕಿವಿಗೆ ಬಿದ್ದ ನಾದವೇ ಇದೆಂದು ಆಣೆಯಿಟ್ಟು ಹೇಳುವುದೂ ಸಾಧ್ಯವಿಲ್ಲ, ಏಕೆಂದರೆ ಅದನ್ನು ಕೇಳಿದವರು ಯಾರೂ ಉಳಿದಿಲ್ಲ. ವಾದ್ಯ ಬದಲಾಗುವುದು ದೋಷವಲ್ಲ. ಹಳೆಯದನ್ನು ಕೇಳಿಸಿಕೊಳ್ಳುವ ಮೊದಲೇ ಕಳೆದುಕೊಳ್ಳುವುದು ದೋಷ.

ಆ ನಷ್ಟ ನಮಗೂ ಆಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯನೆಂಬ ಶರಣನಿದ್ದನು. ಕಿನ್ನರಿಯನ್ನು ನುಡಿಸುತ್ತಿದ್ದುದರಿಂದ ಅವನಿಗೆ ಆ ಹೆಸರು. ಅವನ ವಚನಗಳನ್ನು ಇಂದಿಗೂ ಓದಬಹುದು. ಅವನ ಬೆರಳಿನ ನಾದವನ್ನು ಕೇಳುವಂತಿಲ್ಲ. ಆ ಕಲ್ಯಾಣ 1956ರವರೆಗೆ ಹೈದರಾಬಾದ್ ರಾಜ್ಯದ ನೆಲದಲ್ಲಿಯೇ ಇದ್ದಿತು. ಅದೇ ಹೆಸರನ್ನು ಹೊತ್ತ ಕಿನ್ನೆರ ಎಂಬ ವಾದ್ಯ ತೆಲಂಗಾಣದಲ್ಲಿ ಇನ್ನೂ ಜೀವಂತವಾಗಿದೆ. ಬಿದಿರಿನ ದಂಡಕ್ಕೆ ಸೋರೆಬುರುಡೆಗಳನ್ನು ಕಟ್ಟಿ, ಹನ್ನೆರಡು ಮೆಟ್ಟಿಲುಗಳನ್ನು ಕೂರಿಸಿದ ಕಿನ್ನೆರವನ್ನು ನುಡಿಸುತ್ತ ಪಂಡುಗ ಸಾಯನ್ನನಂತಹ ವೀರರ ಕಥೆಗಳನ್ನು ಹಾಡುವ ದರ್ಶನಂ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅದಕ್ಕೂ ಮುಂಚೆ, 2021ರಲ್ಲಿ, ಒಂದು ತೆಲುಗು ಚಲನಚಿತ್ರದ ಹಾಡಿನಿಂದ ಅವರ ಕಂಠ ಮನೆಮನೆಗೆ ಮುಟ್ಟಿತು. ಆದರೆ ಚಲನಚಿತ್ರದ ಹಾಡಿನಲ್ಲಿ ಕ್ಷಣಕಾಲ ಕೇಳಿಸಿದ ಮಾತ್ರಕ್ಕೆ ಒಂದು ಪರಂಪರೆ ಉಳಿಯುವುದಿಲ್ಲ. ಪೂರ್ಣ ಕಥೆ, ಶ್ರುತಿ ಮಾಡುವ ಕ್ರಮ, ಬೆರಳಿನ ಚಲನೆ, ವಾದ್ಯವನ್ನು ಕಟ್ಟುವ ವಿಧಾನ ಇವೆಲ್ಲವೂ ದಾಖಲೆಯಾಗಬೇಕು. ಕಲಿಯುವ ಶಿಷ್ಯರೂ ಬೇಕು.

ಯುರೋಪಿನವರು ಗ್ರಂಥಗಳಿಂದಲೂ ಗಾಜಿನ ಕಪಾಟುಗಳಿಂದಲೂ ಊಹಿಸಿ ಪಡೆಯಬೇಕಾದುದನ್ನು ನಾವು ಬಾಳುತ್ತಿರುವ ಹಿರಿಯರಿಂದ ನೇರವಾಗಿ ಪಡೆಯಬಹುದು. ಇದಕ್ಕಿಂತ ಭಾಗ್ಯವೇನು? ರಜೆಯಲ್ಲಿ ಬೀದರ, ಕಲಬುರಗಿ, ರಾಯಚೂರುಗಳ ಕಡೆಯ ನಂಟರ ಊರಿಗೆ ಹೋಗುವವರು ನಮ್ಮಲ್ಲಿ ಅನೇಕರುಂಟು. ಅಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರು, ಚೌಡಿಕೆ ನುಡಿಸುವವರು ಇದ್ದರೆ ವಿನಯದಿಂದ ಬಳಿ ಕುಳಿತು ಅಪ್ಪಣೆ ಪಡೆದು, ಮನೆಯ ಮೊಬೈಲಿನಲ್ಲಿಯೇ ಹಾಡನ್ನು ಮುದ್ರಿಸಿಕೊಳ್ಳಬೇಕು. ಹಾಡಿದವರ ಹೆಸರು, ಊರು, ವಾದ್ಯವನ್ನು ಯಾವುದರಿಂದ ಮಾಡಿದರೆಂಬುದು, ಯಾರಿಂದ ಕಲಿತರೆಂಬುದು ಇಷ್ಟನ್ನು ಬರೆದಿಡಬೇಕು. ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸ್ಥಳವಿರುವಂತೆ ಈ ಧ್ವನಿಗಳಿಗೂ ಸ್ಥಳ ದೊರೆಯಲಿ. ಮುನ್ನೂರು ವರ್ಷಗಳ ಬಳಿಕ ನಮ್ಮ ಹಾಡು ಹೇಗಿತ್ತೆಂದು ಯಾರಾದರೂ ಕೇಳಿದರೆ, ಅವರು ಊಹಿಸುವ ಕಷ್ಟಕ್ಕೆ ಸಿಲುಕದಿರಲಿ.