ಖುರ್ಚಿ ಅವರದು, ಎಮ್ಮಿ ನಮ್ಮದು

ಅಕ್ಕಾರ, ವೈನಿಯಾರ, ಗುಡಿಕಟ್ಟಿ ಮ್ಯಾಲೆ ಮತ್ತ ಸುರು ಆಗೇದ: ಮುಖ್ಯಮಂತ್ರಿ ಖುರ್ಚಿ ಯಾವಾಗ ಬಿಡತಾರ ಅಂತ ಬೆಟ್ಟಿಂಗು. "ಗಂಡಸರ ಹರಟಿ, ನಮಗ್ಯಾಕ" ಅಂತ ಸುಮ್ಮನಿರಬ್ಯಾಡ್ರಿ.

2021ರಾಗ ನಾನೂ ಹಂಗ ಸುಮ್ಮನಿದ್ದೆ. ಯಡಿಯೂರಪ್ಪನವರು ಶ್ರಾವಣ ಮುಗಿಯೂತನಕ ಇಳಿಯೂದಿಲ್ಲ ಅಂತ ನಮ್ಮ ಮೈದುನ ರೊಕ್ಕ ಕಟ್ಟಿದ. ಅತ್ತಿಯವರು ಸಾಕಿದ ಎಮ್ಮಿ ಮಾರಿದ ರೊಕ್ಕ ಅದು. ಆಷಾಢದಾಗs, ಜುಲೈ 26ಕ್ಕ, ಸರಕಾರಕ್ಕ ಎರಡು ವರ್ಷ ತುಂಬಿದ ದಿನಾನ ಅವರು ರಾಜೀನಾಮೆ ಕೊಟ್ಟರು. ಆ ವರ್ಷ ಕೂಸಿಗೆ ಪಾಕೀಟಿನ ಹಾಲು ಕುಡಿಸಿದಿವಿ.

"ನನಗ ರಾಜಕೀಯ ತಿಳೀತದ" ಅಂತಾರಲ್ಲ, ಏನು ತಿಳೀತದ? ರಾಜೀನಾಮೆ ತಾರೀಖು ಮೊದಲ ಗೊತ್ತಿರೂದು ನಾಕು ಮಂದಿಗೆ. ಅವರು ನಮ್ಮ ಕಟ್ಟಿಗೆ ಬಂದು ಹೇಳತಾರೇನು? ಇದು ಶ್ಯಾಣ್ಯಾತನ ಅಲ್ಲ, ಇಸ್ಪೀಟಿನ ತಮ್ಮ.

ಅದ ಯಡಿಯೂರಪ್ಪನವರು 2018ರ ಮೇ ತಿಂಗಳಾಗ ಮೂರ ದಿನಕ್ಕ ಖುರ್ಚಿ ಬಿಟ್ಟಿದ್ದರು. 2019ರ ಜುಲೈದಾಗ ತಿರುಗಿ ಬಂದು ಕೂತರು. ಬಿಟ್ಟ ಖುರ್ಚಿ ಅವರಿಗೆ ಮತ್ತ ಸಿಗತದ. ಹೋದ ಎಮ್ಮಿ ನಮಗ ಸಿಗತದೇನ್ರಿ?

ರೊಕ್ಕದ ಡಬ್ಬಿ ಕೀಲಿ ಸೆರಗಿಗೆ ಕಟ್ಟಿಕೊಳ್ರಿ. ಬೈದರ ಬೈಸಿಕೊಳ್ರಿ, ಕೀಲಿ ಮಾತ್ರ ಕೊಡಬ್ಯಾಡ್ರಿ.