ಸಮವೂ ವಿಷಮವೂ

ಮೋಟಾರು ಗಾಡಿಯೊಂದನ್ನು ಎದುರಿನಿಂದ ನೋಡಿದರೆ ಅದರ ಎಡಭಾಗವು ಬಲಭಾಗದ ಪ್ರತಿಬಿಂಬದಂತೆ ತೋರುತ್ತದೆ. ಈ ಸಾಮ್ಯವು ಕಣ್ಣಿಗೆ ಹಿತ. ಆದುದರಿಂದ ಗಾಡಿಯೆಂದರೆ ಹಾಗೆಯೇ ಇರತಕ್ಕುದೆಂದು ನಾವು ಭಾವಿಸುತ್ತೇವೆ. ಆದರೆ ನಮ್ಮ ದೇಹವನ್ನೇ ನೋಡಿರಿ. ಹೊರಗೆ ಕಣ್ಣು, ಕೈ, ಕಾಲುಗಳು ಸಮನಾಗಿವೆ. ಒಳಗಾದರೋ ಹೃದಯವು ಎಡಕ್ಕೆ ವಾಲಿದೆ, ಯಕೃತ್ತು ಬಲಕ್ಕಿದೆ. ಕಾರ್ಯಕ್ಕೆ ಒಪ್ಪುವಲ್ಲಿ ಪ್ರಕೃತಿಯು ವೈಷಮ್ಯಕ್ಕೆ ಹಿಂಜರಿದಿಲ್ಲ. ಗಾಡಿಗಳನ್ನು ಕಲ್ಪಿಸಿದವರಲ್ಲಿಯೂ ಕೆಲವರು ಇದೇ ದಾರಿಯನ್ನು ಹಿಡಿದಿರುವರು. ಈ ತಿಂಗಳು ಅದರ ವಿಚಾರವನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಫ್ರಾನ್ಸ್ ದೇಶದ ರೆನೋ 4. 1961ರಲ್ಲಿ ಹೊರಟ ಈ ಸಾಧಾರಣ ಸಂಸಾರಿಗಳ ಕಾರು 80 ಲಕ್ಷಕ್ಕೂ ಮಿಕ್ಕು ತಯಾರಾಯಿತು. ಅದರ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಇರುವ ದೂರವನ್ನು ಎರಡು ಮಗ್ಗುಲಲ್ಲಿಯೂ ಅಳೆದರೆ ಲೆಕ್ಕ ಒಂದೇ ಬಾರದು. ಸುಮಾರು 48 ಮಿಲಿಮೀಟರಿನ ಅಂತರವುಂಟು. ಇದು ಕೈತಪ್ಪಲ್ಲ. ಹಿಂದಿನ ಗಾಲಿಗಳ ಕುಲುಕನ್ನು ತಡೆಯಲು, ತಿರುಚಿದರೆ ಮರಳಿ ಮೊದಲಿನಂತಾಗುವ ಉಕ್ಕಿನ ಸಲಾಕೆಗಳನ್ನು ಗಾಡಿಯ ಅಡಿಯಲ್ಲಿ ಅಡ್ಡಲಾಗಿ ಇಟ್ಟರು. ಸಲಾಕೆಯು ಉದ್ದವಾದಷ್ಟೂ ಸುಲಭವಾಗಿ ತಿರುಚುತ್ತದೆ. ಆದುದರಿಂದ ಒಂದೊಂದಕ್ಕೂ ಗಾಡಿಯ ಅಗಲವೆಲ್ಲ ಬೇಕಾಯಿತು. ಒಂದರ ಮೇಲೊಂದನ್ನು ಇಟ್ಟರೆ ನೆಲವು ಮೇಲೇರುವುದು. ಅದಕ್ಕಾಗಿ ಒಂದನ್ನು ಮುಂದೆಯೂ ಮತ್ತೊಂದನ್ನು ಅದರ ಹಿಂದೆಯೂ ಇಟ್ಟರು. ಅವುಗಳೊಡನೆ ಗಾಲಿಗಳೂ ಹಿಂದುಮುಂದಾದುವು. ಸಾಮಾನು ಹೇರುವ ನೆಲವು ತಗ್ಗಾಗಿ, ಸಮತಟ್ಟಾಗಿ ಉಳಿಯಿತು. 1965ರ ರೆನೋ 16ರಲ್ಲಿ ಈ ಅಂತರವು ಸುಮಾರು 7 ಸೆಂಟಿಮೀಟರು. ಒಳಗೆ ಕುಳಿತವರಿಗೆ ಇದರ ಅರಿವೇ ಆಗದು.

ಇದು ಕಾಣದ ವೈಷಮ್ಯ. ಕಾಣುವ ವೈಷಮ್ಯಕ್ಕೆ ಜಪಾನಿನ ನಿಸ್ಸಾನ್ ಕ್ಯೂಬ್ ನಿದರ್ಶನ. 2002ರ ಮಾದರಿಯ ಹಿಂಬದಿಯಲ್ಲಿ ಒಂದು ಮೂಲೆಗೆ ಗಾಜು ಸುತ್ತಿ ಬಂದಿತ್ತು. ಇನ್ನೊಂದು ಮೂಲೆಗೆ ದಪ್ಪವಾದ ಕಂಬವಿತ್ತು. 2008ರ ಮಾದರಿಯನ್ನು ರಸ್ತೆಯ ಬಲಬದಿಯಲ್ಲಿ ಸಾಗುವ ದೇಶಗಳಿಗೆ ಕಳುಹಿಸುವಾಗ ಗಾಜನ್ನೂ ಕಂಬವನ್ನೂ ಅದಲುಬದಲು ಮಾಡಿದರು. 2004ರ ಟೊಯೋಟಾ ಪೋರ್ಟೆಯಲ್ಲಿ ಚಾಲಕನ ಕಡೆ ಒಂದು ಸಾಮಾನ್ಯ ಬಾಗಿಲು. ಎಡಗಡೆ ಮಾತ್ರ ವಿಶಾಲವಾದ ಒಂದು ಜಾರುಬಾಗಿಲು. ಜಪಾನಿನಲ್ಲಿಯೂ ನಮ್ಮಲ್ಲಿಯಂತೆ ಗಾಡಿಗಳು ರಸ್ತೆಯ ಎಡಬದಿಯಲ್ಲಿ ಹೋಗುವುದರಿಂದ, ಮಕ್ಕಳೂ ವೃದ್ಧರೂ ಕಾಲುದಾರಿಯ ಕಡೆಗೆ ಇಳಿಯುವಂತಾಯಿತು. 2011ರ ಹ್ಯುಂಡೈ ವೆಲೋಸ್ಟರಿಗೂ ಚಾಲಕನ ಕಡೆ ಒಂದು, ಆಚೆ ಕಡೆ ಎರಡು ಬಾಗಿಲು.

ಇದಕ್ಕೆ ವಿರುದ್ಧವಾದುದು 2007ರ ಮಿನಿ ಕ್ಲಬ್‌ಮನ್. ಹಿಂದೆ ಕೂರುವವರಿಗಾಗಿ ಒಂದು ಕಿರುಬಾಗಿಲನ್ನು ಬಲಗಡೆಗೆ ಮಾತ್ರ ಕೊಟ್ಟಿದ್ದರು. ಎಡಗಡೆ ಪೆಟ್ರೋಲು ತುಂಬುವ ಬಾಯಿ ಇದ್ದುದರಿಂದ ಬಾಗಿಲನ್ನು ಅತ್ತ ಬದಲಿಸಲಿಲ್ಲ. ಬಲಬದಿಯ ಸಂಚಾರವಿರುವ ದೇಶಗಳಿಗೆ ಇದು ಸರಿ. ಮಿನಿಯ ತವರಾದ ಬ್ರಿಟನ್ನಿನಲ್ಲಾದರೋ ಸಂಚಾರವು ಎಡಬದಿಯದು. ಅಲ್ಲಿ ಆ ಬಾಗಿಲು ನಡುರಸ್ತೆಯ ಕಡೆಗೆ ತೆರೆಯಿತು. ಕಾಗೆಗೆ ಒಂದೇ ಕಣ್ಣುಗುಡ್ಡೆಯಿದ್ದು ಎರಡು ಕುಳಿಗಳಿಗೂ ಅದು ಹೊರಳುವುದೆಂಬ ಭಾವನೆಯಿಂದ ಸಂಸ್ಕೃತದಲ್ಲಿ ಕಾಕಾಕ್ಷಿಗೋಲಕ ನ್ಯಾಯವೆಂಬುದೊಂದುಂಟು. ಕಬ್ಬಿಣದ ಬಾಗಿಲು ಹಾಗೆ ಹೊರಳಲಾರದು. 2015ರ ಹೊಸ ಕ್ಲಬ್‌ಮನ್ನಿಗೆ ಇಕ್ಕೆಲದಲ್ಲಿಯೂ ಎರಡೆರಡು ಬಾಗಿಲುಗಳು ಬಂದುವು.

ಸಮವಾಗಿ ಕಾಣುವ ದೀಪಗಳಲ್ಲಿಯೂ ವೈಷಮ್ಯ ಅಡಗಿದೆ. ತಗ್ಗಿಸಿದ ಬೆಳಕು ನಮ್ಮ ದೇಶದಲ್ಲಿ ಎಡಬದಿಗೆ ಹೆಚ್ಚು ದೂರ ಚಾಚುತ್ತದೆ: ಪಾದಚಾರಿಯು ಕಾಣಬೇಕು, ಎದುರು ಬರುವವನ ಕಣ್ಣು ಕುಕ್ಕಬಾರದು. ಬ್ರಿಟನ್ನಿನ ಕಾರು ಫ್ರಾನ್ಸಿಗೆ ಹೋದರೆ ದೀಪದ ಗಾಜಿಗೆ ಪಟ್ಟಿ ಅಂಟಿಸುವುದು ಇದೇ ಕಾರಣಕ್ಕೆ.

ಇಷ್ಟು ಹೇಳಿದುದು ಕುತೂಹಲಕ್ಕಾಗಿ ಮಾತ್ರವಲ್ಲ. 1984ರಿಂದ 2019ರ ವರೆಗೆ ತಯಾರಾದ ಮಾರುತಿ ಓಮ್ನಿ ವ್ಯಾನು ನಮ್ಮ ಊರುಗಳಲ್ಲಿ ಎಷ್ಟೋ ಮಕ್ಕಳನ್ನು ಶಾಲೆಗೆ ಹೊತ್ತಿದೆ. ಅದಕ್ಕೆ ಇಕ್ಕೆಲದಲ್ಲಿಯೂ ಜಾರುಬಾಗಿಲು. ಬಾಗಿಲುಗಳು ಸಮವಾಗಿದ್ದರೂ ರಸ್ತೆಯು ಸಮವಲ್ಲ: ಎಡಕ್ಕೆ ಮನೆಯಂಗಳ, ಬಲಕ್ಕೆ ಬಸ್ಸು ಲಾರಿಗಳ ಓಟ. ಎರಡು ಬಾಗಿಲುಗಳಿರುವ ಯಾವ ಗಾಡಿಯಲ್ಲಿಯೇ ಆಗಲಿ, ಮಕ್ಕಳು ಎಡಗಡೆಯಿಂದಲೇ ಇಳಿಯಲಿ. ಬಲಗಡೆಯದು ಅವರ ಕೈಗೆ ತೆರೆಯದಂತಿರಲಿ. ಶಾಲೆಯ ವ್ಯಾನನ್ನು ಗೊತ್ತುಮಾಡುವ ಗೃಹಸ್ಥರು ತಿಂಗಳ ಬಾಡಿಗೆಯನ್ನು ಕೇಳುವ ಮೊದಲು ಈ ಮಾತನ್ನು ಕೇಳಬೇಕು. ಗಾಡಿಯನ್ನು ಮಾಡಿದವನು ಕೊಡದಿದ್ದ ವೈಷಮ್ಯವನ್ನು ನಮ್ಮ ಎಚ್ಚರಿಕೆಯೇ ಕೊಡಬಲ್ಲುದು.