ಐದು ಗಂಟೆಗೆ ಮುಚ್ಚುವ ಕೌಂಟರ್

ಇಪ್ಪತ್ತೆರಡು ವರ್ಷ ಸಂಜೆ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸಿದೆ. ಆರು ಗಂಟೆಯ ಪಿರಿಯಡ್‌ಗೆ ಗಾರ್ಮೆಂಟ್ಸ್‌ನಿಂದ ನೇರ ಬಂದವರ ತಲೆಗೂದಲಲ್ಲಿ ನೂಲಿನ ಎಳೆ ಇನ್ನೂ ಅಂಟಿಕೊಂಡಿರುತ್ತಿತ್ತು.

ಅವರಲ್ಲೊಬ್ಬರಿಗೆ ನಲವತ್ತೊಂದು ವರ್ಷ. ಡೆಬಿಟ್, ಕ್ರೆಡಿಟ್ ಎಂದರೆ ಬೆವರುತ್ತಿದ್ದರು. ಒಂದು ಸಂಜೆ ಅವರ ಚೀಲದಿಂದ ಸ್ವಸಹಾಯ ಸಂಘದ ಪುಸ್ತಕ ಜಾರಿ ಬಿತ್ತು. ತೆರೆದು ನೋಡಿದೆ. ಹದಿನೈದು ಹೆಂಗಸರ ವಾರದ ಉಳಿತಾಯ, ಸಾಲ, ಬಡ್ಡಿ, ಕಂತು ತಪ್ಪಿದವರ ದಂಡ. ಒಂದು ರೂಪಾಯಿ ಆಚೀಚೆ ಇಲ್ಲ.

“ಇದನ್ನ ಬರೆದೋರು ಯಾರಮ್ಮಾ?”

“ನಾನೇ ಮಿಸ್.”

ಮರುದಿನ ಆ ಪುಸ್ತಕದ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ. ಸಂಘಕ್ಕೆ ಬಂದ ದುಡ್ಡು ಎಡಕ್ಕೆ, ಹೋದದ್ದು ಬಲಕ್ಕೆ. ನಗದು ಪುಸ್ತಕದ ಪಾಠ ಅಷ್ಟಕ್ಕೇ ಮುಗಿಯಿತು.

ವಯಸ್ಸಾದವರಿಗೆ ಓದು ತಲೆಗೆ ಹತ್ತುವುದಿಲ್ಲ ಎನ್ನುವವರು ಆ ತರಗತಿಯನ್ನು ನೋಡಬೇಕಿತ್ತು. ಇಂಥ ವಿದ್ಯಾರ್ಥಿಗಳನ್ನು ಸೋಲಿಸುವುದು ಗಡಿಯಾರ. ಹಗಲು ಕಾಲೇಜಿನ ಕಚೇರಿಯೇ ನಮಗೂ ಕಚೇರಿ, ಐದಕ್ಕೆ ಬಾಗಿಲು. ಪರೀಕ್ಷಾ ಶುಲ್ಕ ಕಟ್ಟಲು ಅರ್ಧ ದಿನದ ಕೂಲಿ ಬಿಡಬೇಕು. ಆ ಹೆಣ್ಣುಮಗಳಿಗೆ ಎರಡು ತಿಂಗಳು ಓಟಿ ಬಿತ್ತು, ಹಾಜರಾತಿ ಶೇ 75ಕ್ಕಿಂತ ಕೆಳಗಿಳಿಯಿತು, ಹಾಲ್ ಟಿಕೆಟ್ ಸಿಗಲಿಲ್ಲ. ಕೊರತೆಯ ಪಟ್ಟಿಗೆ ಸಹಿ ಹಾಕಿದವಳು ನಾನು. ಆ ಸಹಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇಂಥವರ ಕೈ ಹಿಡಿದಿದೆ. ಆದರೆ ಮನೆಯಲ್ಲಿ ಒಬ್ಬರೇ ಕೂತು ಓದಲು ಧೈರ್ಯ ಸಾಲದವರಿಗೆ, ಪಕ್ಕದಲ್ಲಿ ನಿಂತು ಹೇಳಿಕೊಡುವವರು ಬೇಕಾದವರಿಗೆ ಊರಿನ ಕಾಲೇಜೇ ಗತಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿಯಿತು, ದೊಡ್ಡ ಉಪಕಾರ. ಎಂಟೂವರೆಗೆ ತರಗತಿ ಬಿಟ್ಟಾಗ ಹಳ್ಳಿಯ ಕೊನೆಯ ಬಸ್ಸೇ ಹೊರಟುಹೋಗಿದ್ದರೆ ಏನು ಮಾಡುವುದು?

ವಾರದಲ್ಲಿ ಎರಡು ದಿನ ಎಂಟರವರೆಗೆ ಕೌಂಟರ್ ತೆರೆದಿಡಲಿ. ಕಾರ್ಖಾನೆಯಿಂದ ಪಾಳಿಯ ಚೀಟಿ ತಂದವರಿಗೆ ತಪ್ಪಿದ ಪಾಠವನ್ನು ಭಾನುವಾರ ಮಾಡಿ ಹಾಜರಿ ಕೊಡಲಿ. ಸಂಜೆ ಖಾಲಿ ಬಿದ್ದಿರುವ ಒಂದು ಕೋಣೆಯಲ್ಲಿ ಜಮಖಾನ ಹಾಸಿದರೆ ತಾಯಂದಿರ ಜೊತೆ ಬಂದ ಮಕ್ಕಳು ಅಲ್ಲಿ ಕೂರುತ್ತವೆ. ಇದಕ್ಕೆಲ್ಲ ಹೊಸ ಕಟ್ಟಡ ಬೇಕಿಲ್ಲ, ಪ್ರಿನ್ಸಿಪಾಲರ ಒಂದು ಆದೇಶ ಸಾಕು.

ಹೋದ ವಾರ ಆ ಹೆಣ್ಣುಮಗಳ ಫೋನ್ ಬಂತು. “ಮತ್ತೆ ಸೇರ್ಕೋಬೇಕು ಮಿಸ್. ಅರ್ಜಿ ಭಾನುವಾರ ಕೊಡ್ತಾರಾ?” ಕೊಡುವುದಿಲ್ಲ. ಸೋಮವಾರ ಹತ್ತೂವರೆಗೆ ಅವರ ಪರವಾಗಿ ನಾನೇ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ.